ಹನ್ನೊಂದು ಹಳದಿ ಚೀಟಿ

ಹೆಗ್ಗನಹಳ್ಳಿ
19 ಜನವರಿ 2026

ಸುಘೋಷನ ಅಪ್ಪನಿಗೆ,

ಫೋನ್ ಮಾಡಿದರೆ ಆಮೇಲೆ ಮಾತಾಡೋಣ ಅಂತೀರಿ, ಅದಕ್ಕೇ ಅಮ್ಮನ ಮನೆಯಿಂದ ಬರೆಯುತ್ತಿದ್ದೇನೆ. ಮಗ ಇವತ್ತು ಎರಡು ಇಡ್ಲಿ ತಿಂದ. ಯೂನಿಫಾರ್ಮ್ ಕಂಡರೆ ಮಾತ್ರ ಮಂಚದ ಕೆಳಗೆ ಹೋಗುತ್ತಾನೆ.

ಶುಕ್ರವಾರ ಅವನು ಸ್ಕೂಲಿನ ಬಾತ್‌ರೂಮಿನಲ್ಲಿ ಒಂದು ಗಂಟೆ ಚಿಲಕ ಹಾಕಿಕೊಂಡು ಕೂತಿದ್ದನಲ್ಲ, ಅವತ್ತು ನಾನು ಜಗಳಕ್ಕೇ ಅಂತ ಹೋದೆ. ಸುವರ್ಣಾ ಮಿಸ್ ಮೇಲೆ ಏಳು ತಿಂಗಳ ಸಿಟ್ಟಿತ್ತು. ಮಗುವಿಗೆ ಆಟಿಸಂ ಇದೆ, ಬೆಲ್ಲಿಗೆ, ಗಲಾಟೆಗೆ ಹೆದರುತ್ತಾನೆ, ಬಾಗಿಲ ಹತ್ತಿರ ಕೂರಿಸಿ, ಹಳದಿ ಚೀಟಿ ತೋರಿಸಿದರೆ ಐದು ನಿಮಿಷ ಹೊರಗೆ ಕಳಿಸಿ ಅಂತ ಡಾಕ್ಟರು ಬರೆದುಕೊಟ್ಟ ಮೇಲೂ ಹೀಗಾ ಅಂತ ಎಲ್ಲರೆದುರು ಕೂಗಾಡಿದೆ. ಮಿಸ್ ಪೂರ್ತಿ ಕೇಳಿಸಿಕೊಂಡು, ಯಾವ ಕಾಗದ ಲತಾ, ನಂಗೆ ಯಾರೂ ಏನೂ ಕೊಟ್ಟಿಲ್ವಲ್ಲ ಅಂದರು. ಆಮೇಲೆ ಡ್ರಾಯರ್ ತೆಗೆದರು. ಪಾಠದ ಮಧ್ಯೆ ಆಟ ಆಡುತ್ತಾನೆ ಅಂತ ಕಿತ್ತಿಟ್ಟುಕೊಂಡ ಚೀಟಿಗಳು, ಹನ್ನೊಂದು ಇದ್ದವು. ಅವರ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ.

ಆ ಕಾಗದವನ್ನು ಜೂನ್‌ನಲ್ಲಿ ನಿಮ್ಮ ಕೈಗೆ ಕೊಟ್ಟಿದ್ದೆ. ಕೊಟ್ಟೆ, ಮಿಸ್ ಒಪ್ಪಿದರು ಅಂದಿರಿ. ಪೇರೆಂಟ್ಸ್ ಮೀಟಿಂಗಿಗೂ ನೀವೇ ಹೋಗಿಬಂದಿರಿ, ಎಷ್ಟು ಜವಾಬ್ದಾರಿ ಅಂತ ನಾನು ಹಿಗ್ಗಿದ್ದೆ. ಸುವರ್ಣಾ ಮಿಸ್ ನಿಮ್ಮ ತಂಗಿ ಸಿಂಚನಾಳನ್ನು ಮದುವೆಯಾಗುವ ಹುಡುಗನ ಚಿಕ್ಕಮ್ಮ, ವಿಷಯ ಆ ಮನೆಗೆ ಹೋದರೆ ಸಂಬಂಧ ಮುರಿಯುತ್ತೆ, ಫೆಬ್ರವರಿಯಲ್ಲಿ ಧಾರೆ ಮುಗಿಯಲಿ ಅಂತ ಬಚ್ಚಿಟ್ಟೆ ಅಂತ ಶುಕ್ರವಾರ ರಾತ್ರಿ ನೀವೇ ಒಪ್ಪಿಕೊಂಡಿರಿ. ಅದೂ ಬೀರುವಿನಲ್ಲಿ, ಉಲ್ಲಾಳದ ಜಮೀನು ಪತ್ರಗಳ ಕೆಳಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ?

ನಿಮ್ಮ ಸುಳ್ಳಿಗಿಂತ, ಅದನ್ನು ನಂಬಿ ನಾನು ಮಾಡಿದ್ದು ಹೆಚ್ಚು ಸುಡುತ್ತಿದೆ. ಮಗ ದಿನಾ ಗೇಟಿನಲ್ಲಿ ನನ್ನ ವೇಲ್ ಹಿಡಿದು ನಿಲ್ಲುತ್ತಿದ್ದ. ಮಿಸ್‌ಗೆ ಎಲ್ಲಾ ಗೊತ್ತು ಕಣೋ, ಚೀಟಿ ತೋರಿಸಿದ್ರೆ ಸಾಕು ಅಂತ ಒಂದೊಂದೇ ಬೆರಳು ಬಿಡಿಸಿ ಒಳಗೆ ಕಳಿಸಿದ್ದು ನಾನು. ಕಳೆದುಕೊಂಡ ಅಂದುಕೊಂಡು ಹೊಸ ಚೀಟಿ ಕತ್ತರಿಸಿಕೊಟ್ಟಿದ್ದೂ ನಾನೇ. ಎಂಟು ವರ್ಷದ ಹುಡುಗ, ಹೇಳಿಕೊಟ್ಟ ಹಾಗೇ ಹನ್ನೊಂದು ಸಲ ತೋರಿಸಿದ್ದಾನೆ. ಈಗ ನಾನು ಏನು ಹೇಳಿದರೂ ನಂಬುವುದಿಲ್ಲ.

ಶನಿವಾರ ಡಾಕ್ಟರ ಹತ್ತಿರ ಇನ್ನೊಂದು ಕಾಗದ ಬರೆಸಿಕೊಂಡು ನಾನೇ ಮಿಸ್ ಕೈಗೆ ಕೊಟ್ಟು ಬಂದೆ. ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ಸ್ಕೂಲು ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ದಿನಾ ಹತ್ತು ನಿಮಿಷ ನಮ್ಮಿಬ್ಬರ ಜೊತೆ ಕೂತು ಹೋಗಲಿ, ಭಯ ಇಳಿಯುವ ತನಕ ಹಾಗೇ ಮಾಡೋಣ ಅಂದಿದ್ದಾರೆ. ಅಲ್ಲಿಗೆ ನೀವು ಬರುವುದು ಬೇಡ. ಮದುವೆಗೆ ಬರುತ್ತೇನೆ, ಸಿಂಚನಾಗೋಸ್ಕರ. ನಿಮ್ಮ ಪಕ್ಕ ನಿಲ್ಲುತ್ತೇನೋ ಇಲ್ಲವೋ ಹೇಳಲಾರೆ.

ಇಂತಿ,
ಲತಾ

ಇದೊಂದು ಬಿಟ್ಟುಹೋಯಿತು: ನಿನ್ನೆ ಸಿಂಚನಾ ಬಂದಿದ್ದಳು. ಹುಡುಗನಿಗೆ ಸುಘೋಷನ ವಿಷಯ ನಿಶ್ಚಿತಾರ್ಥಕ್ಕೆ ಮುಂಚೆಯೇ ಹೇಳಿದ್ದಳಂತೆ. ಸ್ಕೂಲಿಗೆ ನೀವು ಹೇಳಿಯೇ ಇರುತ್ತೀರಿ ಅಂತ ಇಬ್ಬರೂ ಅಂದುಕೊಂಡಿದ್ದರು. ಮದುವೆ ದಿನ ವಾಲಗದ ಸದ್ದಿಗೆ ಮಗು ಹೆದರಬಾರದು ಅಂತ ಛತ್ರದಲ್ಲಿ ಅವನಿಗೇ ಒಂದು ಬೇರೆ ರೂಮು ಹೇಳಿಟ್ಟಿದ್ದಾನಂತೆ ಆ ಹುಡುಗ, ಹೋದ ಮೇ ತಿಂಗಳಲ್ಲೇ.