ಬಿರುಗಾಳಿ ಅಜ್ಜಿ ಹೇಳದ ಹೆಸರು

ಮಾರ್ಕಯನ್‌ಕೋಟ್ಟೈ
೧೪ ಜುಲೈ ೨೦೨೪, ಭಾನುವಾರ

ದಿಂಡುಕ್ಕಲ್ಲಿನಲ್ಲಿ ಕುಳಿತು ಗೆರೆಗಳಿಗೆ ಜೀವ ಕೊಡುತ್ತಿರುವ ನನ್ನ ಮೊಮ್ಮಗಳು ಚಿ. ನಿವೇತಾಳಿಗೆ ತಾತನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಈ ವಿಷಯವನ್ನು ಫೋನಿನಲ್ಲಿ ತಿಳಿಸಬಹುದಾಗಿತ್ತು. ಆದರೆ ನಾನು ಫೋನಿನಲ್ಲಿ ಮಾತನಾಡಿದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತದೆಂಬುದು ನಿನ್ನ ಅಜ್ಜಿಯ ದೂರು. ಮನೆಯೊಳಗೆ ಕನ್ನಡವಾಡುವ ನಮ್ಮವರು ಬರೆಯುವುದೆಲ್ಲ ತಮಿಳಿನಲ್ಲಿ. ತಾಳವಾಡಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ನಾನು, ಬೇಸಿಗೆ ರಜೆಯಲ್ಲಿ ನನ್ನೆದುರು ಅಳುತ್ತಾ ಅಕ್ಷರ ತಿದ್ದಿದ ನೀನು, ಇಬ್ಬರನ್ನು ಬಿಟ್ಟರೆ ಈ ಲಿಪಿಯನ್ನು ಓದಬಲ್ಲವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಆದ್ದರಿಂದ ಈ ಕಾಗದ ಮೇಜಿನ ಮೇಲೆ ತೆರೆದು ಬಿದ್ದಿದ್ದರೂ ಗುಟ್ಟು ಹೊರಗೆ ಹೋಗದು.

ಆದರೆ ಆ ಗುಟ್ಟು ಮೊನ್ನೆ ಶುಕ್ರವಾರ ಹೆಚ್ಚುಕಡಿಮೆ ಹೊರಬಿದ್ದೇಬಿಟ್ಟಿತ್ತು.

ನಿನ್ನ ಕಾರ್ಟೂನಿನ ಬಿರುಗಾಳಿ ಅಜ್ಜಿಗೆ ದನಿ ಕೊಡಲು ಒಪ್ಪಿದಾಗ ನಿನ್ನ ಅಜ್ಜಿ ಹಾಕಿದ ಷರತ್ತು ನಿನಗೆ ನೆನಪಿರಬೇಕು. “ನನ್ ದನಿ ಅಂತ ಊರಲ್ಲಿ ಒಬ್ರಿಗೆ ತಿಳಿದ್ರೂ ಅವತ್ತೇ ನಿಲ್ಲುಸ್ಬುಡ್ತೀನಿ ಕೂಸೇ” ಎಂದಿದ್ದಳು. ಅವಳ ಕಷ್ಟವೂ ನ್ಯಾಯವಾದದ್ದೇ. ಅತ್ತೆ ಸೊಸೆಯರ ಜಗಳವಾಗಲಿ, ಅಣ್ಣತಮ್ಮಂದಿರ ಮುನಿಸಾಗಲಿ, ನಮ್ಮವರು ತೀರ್ಪಿಗೆ ಬರುವುದು ನಿನ್ನ ಅಜ್ಜಿ ವೆಳ್ಳೈಯಮ್ಮಾಳ್ ಕುಳಿತ ಜಗಲಿಗೆ. ಅದೇ ವೆಳ್ಳೈಯಮ್ಮಾಳ್ ಚಿನ್ನಾಳಪಟ್ಟಿ ಸೀರೆಯ ಸೆರಗನ್ನು ರೆಕ್ಕೆ ಮಾಡಿಕೊಂಡು, ಊಳಿಡುತ್ತಾ ವೈಗೈ ನದಿಯ ಮೇಲೆ ಹಾರುವವಳೆಂದು ತಿಳಿದರೆ ಆ ಜಗಲಿಯ ಗಾಂಭೀರ್ಯ ಏನಾಗಬೇಕು? ಹಾಗೆಂದು ನಿಲ್ಲಿಸಲು ಅವಳಿಗೆ ಮನಸ್ಸೂ ಇಲ್ಲ. ಕಣ್ಣಿನ ಡಾಕ್ಟರ ನೆಪ ಹೇಳಿ ದಿಂಡುಕ್ಕಲ್ಲಿಗೆ ಬಂದು ಹೋದ ದಿನವೆಲ್ಲ ಅವಳ ಮುಖದಲ್ಲಿ ಒಂದು ಕಳೆ ಇರುತ್ತದೆ. ನಿನ್ನ ಚಿಕ್ಕಪ್ಪ ರಾಮ್‌ಕುಮಾರ್ ಮಾತ್ರ ತಾಯಿಯ ಕಣ್ಣಿನ ಬಗ್ಗೆ ಚಿಂತೆಗೆ ಬಿದ್ದಿದ್ದಾನೆ.

ಶುಕ್ರವಾರ ನನ್ನ ತಂಗಿ ಮುತ್ತುಲಕ್ಷ್ಮಿಯ ಮೊಮ್ಮಗಳು ಅಭಿರಾಮಿಗೆ ಕಿವಿ ಚುಚ್ಚಿಸಿದರು. ಊಟವಾದ ಮೇಲೆ, ಅಳುತ್ತಿದ್ದ ಮಗುವನ್ನು ಸಮಾಧಾನಪಡಿಸಲು ಟೀವಿಯಲ್ಲಿ ನಿನ್ನ ಹೊಸ ಸಂಚಿಕೆಯನ್ನೇ ಹಾಕಬೇಕೆ! ನಾನೂ ನಿನ್ನ ಅಜ್ಜಿಯೂ ಕಳ್ಳಮಾಲು ಬಚ್ಚಿಟ್ಟವರಂತೆ ಗೋಡೆಗೆ ಒರಗಿ ಕುಳಿತೆವು.

ಸಂಚಿಕೆ ಸೊಗಸಾಗಿದೆ. ಮುಖವಾಡದ ಹಿಂದಿರುವವರನ್ನು ವಾಸನೆಯಿಂದಲೇ ಪತ್ತೆಹಚ್ಚುವ ಮೂಗುದೊರೆ, ಬಾಳೆಎಲೆ ಮಾರುವ ಮುದುಕಿಯ ಮೈಯಲ್ಲಿ ಬಿರುಗಾಳಿ ಅಜ್ಜಿಯ ಏಲಕ್ಕಿಯ ಪರಿಮಳ ಹಿಡಿದುಬಿಡುತ್ತಾನೆ. ಅಜ್ಜಿ ಬೋಡಿಮೆಟ್ಟಿನ ಏಲಕ್ಕಿ ಬೆಟ್ಟಕ್ಕೆ ಹಾರಿ, ಮೂಟೆಗಟ್ಟಲೆ ಏಲಕ್ಕಿ ತಂದು ಊರಿನವರ ಬಾಯಿಗೆಲ್ಲ ಹಾಕುತ್ತಾಳೆ. ಊರೇ ಘಮಘಮಿಸುವಾಗ ಮೂಗುದೊರೆ ಸೀನಿ ಸೀನಿ ಬೀಳುವುದನ್ನು ಕಂಡು ಅಭಿರಾಮಿ ಕಿವಿನೋವನ್ನು ಮರೆತಳು. ಮುಖವಾಡವನ್ನು ಎಲ್ಲಿಟ್ಟೆನೆಂದು ಸದಾ ಹುಡುಕಾಡುವ ಸಹಾಯಕ ಮುದುಕನಿಗೆ ಅಯ್ಯಾವು ಎಂದು ನನ್ನ ಹೆಸರಿಟ್ಟದ್ದನ್ನೂ ನಾನು ಕ್ಷಮಿಸಿದ್ದೇನೆ.

ತೊಡಕಾದದ್ದು ಅಲ್ಲಿಯೇ. ನಿಮ್ಮ ಯಂತ್ರ ನಿನ್ನ ಅಜ್ಜಿಯ ದನಿಯನ್ನು ಕೀಚಲು ಮಾಡಿದ್ದರಿಂದ ಯಾರೂ ಗುರುತಿಸಲಿಲ್ಲ, ನಿಜ. ಆದರೆ ‘ಅಯ್ಯಾವು, ಓಡು!’ ಎಂದು ನೀನು ಬರೆದುಕೊಟ್ಟ ಮಾತನ್ನು ಅವಳು ಆಡಲಿಲ್ಲ. ಹೇಗೆ ಆಡಿಯಾಳು? ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. “ಇವ್ರೇ, ಓಡ್ರಿ!” ಎಂದಳು, ನೀವೆಲ್ಲ ನಕ್ಕು ಅದನ್ನೇ ಉಳಿಸಿಕೊಂಡಿರಿ.

ಮುತ್ತುಲಕ್ಷ್ಮಿ ಎದ್ದು ನಿಂತಳು. “ನಿಲ್ಸಿ ನಿಲ್ಸಿ! ಪೋಲೀಸ್‌ಕಾರ ಅಯ್ಯಾವು ಅಂತಾನೆ, ಕಳ್ಳ ಅಯ್ಯಾವು ಅಂತಾನೆ. ಈ ಅಜ್ಜಿ ಒಬ್ಳು ಮಾತ್ರ ಇವ್ರೇ ಇವ್ರೇ ಅಂತಾಳಲ್ಲ! ಅಯ್ಯಾವು ಅನ್ನಕ್ಕೆ ಬಾಯಿ ಬರ್‌ದಿರೋ ಹೆಂಗ್ಸು ಈ ಲೋಕ್ದಲ್ಲಿ ಯಾರು ಅತ್ಗೇ?”

ಇಡೀ ಪಡಸಾಲೆ ನಮ್ಮ ಕಡೆ ತಿರುಗಿತು. ಸುಳ್ಳು ಹೇಳುವ ಅಭ್ಯಾಸವಿಲ್ಲದ ನಾನು ಕೆಮ್ಮಿದೆ. ನಿನ್ನ ಅಜ್ಜಿ ಮಾತ್ರ ಎಲೆಗೆ ಸುಣ್ಣ ಸವರುತ್ತಾ, “ಹಾರಕ್ಕೆ ಬರೋಳು ನಾನಾಗಿದ್ರೆ ಈ ಬಿಸ್ಲಲ್ಲಿ ನಿನ್ ಮನೇಗೆ ನಡ್ಕೊಂಡ್ ಯಾಕಮ್ಮಾ ಬತ್ತಿದ್ದೆ?” ಎಂದಳು. ಎಲ್ಲರೂ ನಕ್ಕರು. ಮುತ್ತುಲಕ್ಷ್ಮಿ ಬಿಡಲಿಲ್ಲ.

“ಪೊಯ್ ಹೇಳ್ಬ್ಯಾಡ, ನಿನ್ ಸುಳ್ಳು ನನ್ನತ್ರ ನಡ್ಯಾಕಿಲ್ಲ. ಎಲ್ಲಿ, ನಮ್ಮಣ್ಣನ ಹೆಸ್ರ ಒಂದ್ಸಲ ಅನ್ನು ನೋಡಾಣ.”

“ಅಂತೀನಿ. ಮೊದ್ಲು ನೀನು ನಿನ್ ಗಂಡನ ಹೆಸ್ರ ಅನ್ನು.”

ಮುತ್ತುಲಕ್ಷ್ಮಿ ಬಾಯಿ ತೆರೆದಳು, ಹಾಗೆಯೇ ಮುಚ್ಚಿದಳು. ಅವಳ ಗಂಡ ಮಾದವನ್ ಬಾಗಿಲ ಬಳಿಯಿಂದ, “ಹೇಳು ಹೇಳು, ನಾನೂ ಸಾಯೋಕ್ ಮುಂಚೆ ಕೇಳ್ಕತೀನಿ” ಎಂದು ಕೂಗಿದರು. ನಿನ್ನ ಅಜ್ಜಿ ಕುಳಿತಲ್ಲಿಂದಲೇ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು ಗಂಡನ ಹೆಸರು ಕೇಳಿದಳು. ಒಬ್ಬಳೂ ಹೇಳಲಿಲ್ಲ, ಅಭಿರಾಮಿಯ ತಾಯಿ ಜೆಯಂತಿ ಅಡುಗೆಮನೆಗೆ ಓಡಿಹೋದಳು. ಕೊನೆಗೆ, “ನೋಡ್ದ್ರಾ? ಹಂಗಾದ್ರೆ ಎಲ್ರೂ ಬಿರುಗಾಳಿ ಅಜ್ಜೀರೇ” ಎಂದು ಎಲೆಯನ್ನು ಬಾಯಿಗೆ ಹಾಕಿಕೊಂಡಳು. ನಿನ್ನ ಏಲಕ್ಕಿಯ ಉಪಾಯವನ್ನು ಅವಳು ಎಷ್ಟು ಚೆನ್ನಾಗಿ ಕಲಿತಿದ್ದಾಳೆಂದು ನನಗೆ ಹೆಮ್ಮೆಯಾಯಿತು.

ಆದರೆ ಹೊರಡುವಾಗ ಮುತ್ತುಲಕ್ಷ್ಮಿ ಬಾಗಿಲಿನವರೆಗೂ ಬಂದು, “ಮುಂದಿನ ಕತೆ ಬರ್ಲಿ. ಅದ್ರಲ್ಲೂ ಇವ್ರೇ ಅಂದ್ರೆ ನಾನು ಬುಡಾಕಿಲ್ಲ ಅತ್ಗೆ” ಎಂದಳು. ಆ ಮಾತು ನಿನ್ನ ಅಜ್ಜಿಯನ್ನು ಚುಚ್ಚಿದೆ. ಗುರುವಾರದ ಧ್ವನಿಮುದ್ರಣಕ್ಕೆ ಬರುವುದೇ ಬೇಡವೆಂದು ಎರಡು ಬಾರಿ ಹೇಳಿದಳು. ಎರಡು ಬಾರಿಯೂ ಅವಳ ಮುಖ ಬಾಡಿತು.

ಆದುದರಿಂದ ನನ್ನ ಕೋರಿಕೆ ಇಷ್ಟೇ. ಗುರುವಾರಕ್ಕೆ ಮೊದಲು ಆ ಮುದುಕನ ಹೆಸರನ್ನು ಬದಲಾಯಿಸು. ಮಣಿಕಂಡನ್ ಎಂದಿಡು, ಮತ್ತೇನಾದರೂ ಇಡು. ಅದನ್ನಾದರೆ ಅವಳು ಧಾರಾಳವಾಗಿ ಕೂಗುತ್ತಾಳೆ. ಕೆಲಸವೂ ನಿಲ್ಲದು, ಗುಟ್ಟೂ ಉಳಿಯುತ್ತದೆ. ನನ್ನ ಹೆಸರು ಹೋಯಿತೆಂದು ನನಗೇನೂ ಬೇಸರವಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಶ್ರೇಯಸ್ಸನ್ನು ಬಯಸುವ ತಾತ,
ಅಯ್ಯಾವು

ತಾ.ಕ.: ಮೇಲಿನ ಕೋರಿಕೆಯನ್ನು ರದ್ದುಪಡಿಸಿದ್ದೇನೆ. ಲಕೋಟೆ ಅಂಟಿಸುವ ಮೊದಲು ಕಾಗದವನ್ನು ನಿನ್ನ ಅಜ್ಜಿಗೆ ಓದಿ ಹೇಳಿದೆ. “ಈಗ ಹೆಸ್ರ ಬದ್ಲಾಯ್ಸಿದ್ರೆ ಅವ್ಳ ಕೈಗೆ ನಾವೇ ಸಿಕ್ಕಾಕೊಂಡಂಗಲ್ವಾ? ಇಷ್ಟು ವರ್ಸ ಪಾಟ ಹೇಳ್ದೋರಿಗೆ ಇದು ತಿಳೀಲಿಲ್ವಾ?” ಎಂದು ಹಿತ್ತಿಲಿಗೆ ಹೋದಳು. ಈಗ ಅಲ್ಲಿ ಎಮ್ಮೆಗೆ ನೀರು ಇಡುತ್ತಾ, ಯಾರೂ ಇಲ್ಲವೆಂದುಕೊಂಡು ಗುರುವಾರದ ಮಾತನ್ನು ಅಭ್ಯಾಸ ಮಾಡುತ್ತಿದ್ದಾಳೆ. ಮೊದಲ ಅಕ್ಷರಕ್ಕೇ ನಿಂತಳು. ಮತ್ತೆ ನಿಂತಳು. ಆಮೇಲೆ ಪೂರ್ತಿಯಾಗಿ ಹೇಳಿದಳು. ಮದುವೆಯಾದಂದಿನಿಂದ ಆ ದನಿಯಲ್ಲಿ ನಾನು ನನ್ನ ಹೆಸರನ್ನು ಕೇಳಿರಲಿಲ್ಲ. ಎಮ್ಮೆ ತಲೆಯೆತ್ತಿ ನೋಡಿತು. ನಾನು ತಲೆ ಬಗ್ಗಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ನನಗೆ ಕೇಳಿಸಿತೆಂದು ಅವಳಿಗೆ ಎಂದೂ ತಿಳಿಸಬೇಡ. ಕಥೆಗೆ ತೊಂದರೆಯಾಗದಿದ್ದರೆ, ಅಜ್ಜಿ ಆ ಮುದುಕನನ್ನು ಹೆಸರು ಹಿಡಿದು ಕರೆಯುವ ಸಂದರ್ಭಗಳನ್ನು ಇನ್ನೆರಡು ಹೆಚ್ಚಿಗೆ ಬರೆ.