ಹಾಸಿಗೆಯ ಮೇಲೆ ಹರಡದ ಅಂಗಿ

ಪಿರೇಯಸ್
ಭಾನುವಾರ, ಮಾರ್ಚ್ 1934

ಸಿಟ್ಟು ಬಂದರೂ ಕಾಗದವನ್ನು ಕೊನೆಯವರೆಗೆ ಓದುವ ನನ್ನ ಅಮ್ಮನಿಗೆ ಮಗಳು ಅರ್ಗೀರೋಳ ಮುತ್ತುಗಳು.

ಮೊದಲೇ ಹೇಳಿಬಿಡುತ್ತೇನೆ, ಇದು ಅಪ್ಪನ ಪರವಾಗಿ ಬರೆದ ಕಾಗದ. ಅವನು ತಪ್ಪು ಮಾಡಿಲ್ಲ ಎಂದು ಇದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಕೆಳಗಿಡಬೇಡ.

ಹೋದ ಬೇಸಿಗೆಯಲ್ಲಿ ಆಫ್ರಿಕದ ತೀರದಲ್ಲಿ ತಮ್ಮ ಪಂದೇಲಿಸ್ ಕಡಲ ತಳದ ಸ್ಪಂಜು ಕೀಳಲು ಮುಳುಗಿ, ಮೇಲೆ ಬಂದು, ದೋಣಿಯ ಹಲಗೆಯ ಮೇಲೇ ಸತ್ತ. ದೋಣಿ ಅಪ್ಪನದು, ಇಳಿ ಎಂದದ್ದೂ ಅಪ್ಪ. ಅಲ್ಲೇ ಮರಳಲ್ಲಿ ಹೂತು ಬಂದ. ದೋಣಿಗಳು ನಮ್ಮ ಇದ್ರಾ ದ್ವೀಪಕ್ಕೆ ವಾಪಸಾದ ದಿನ ನೀನು ಬಾಗಿಲಿಗೆ ಅಡ್ಡ ನಿಂತು, "ನನ್ನ ಮಗನ್ನ ಕರ್ಕೊಂಡು ಬಾ, ಆಮೇಲೆ ನೀನು ಒಳಗೆ ಬಾ" ಎಂದೆಯಂತೆ. ಅಂದಿನಿಂದ ಅಪ್ಪ ಇಲ್ಲಿ ನನ್ನ ಕೋಣೆಯಲ್ಲಿ ಕಿಟಕಿಯ ಕೆಳಗೆ ಮಲಗುತ್ತಿದ್ದಾನೆ. ನೀನೋ, ದೇಹ ಮನೆಗೆ ಬಾರದವರಿಗೆ ನಮ್ಮೂರಲ್ಲಿ ಮಾಡುವುದನ್ನೂ ತಮ್ಮನಿಗೆ ಮಾಡಲಿಲ್ಲ. ಅವನ ಅಂಗಿಯನ್ನು ಹಾಸಿಗೆಯ ಮೇಲೆ ಮನುಷ್ಯ ಮಲಗಿದಂತೆ ಹರಡಲಿಲ್ಲ. ಸುತ್ತ ಹೆಂಗಸರನ್ನು ಕೂರಿಸಿಕೊಂಡು ಹಾಡಿ ಅಳಲಿಲ್ಲ. "ಅತ್ತರೆ ಗಂಡನ್ನ ಕ್ಷಮಿಸಿದ ಹಾಗಾಗುತ್ತೆ ಅಂತಾಳೆ" ಎಂದು ಚಿಕ್ಕಮ್ಮ ಬರೆದಿದ್ದಳು.

ನಾನು ಪೂರ್ತಿ ನಿನ್ನ ಪಕ್ಷವೇ ಆಗಿದ್ದೆ. ಗಿರಣಿಯ ಕೆಲಸ ಮುಗಿಸಿ ನಮ್ಮ ಸಂಘದ ಕಾರ್ಮಿಕರ ಮನೆಗೆ ಹೋಗುತ್ತೇನಲ್ಲ, ಅಲ್ಲಿ ಸಿಗುವ ಕಿರುಹೊತ್ತಗೆಗಳನ್ನೆಲ್ಲ ಓದಿದ್ದೇನೆ. ಒಂದರಲ್ಲಿ ಹೀಗಿತ್ತು: ಅಳು ಎನ್ನುವುದು ಉಳ್ಳವರ ಹಳೆಯ ಉಪಾಯ; ನಾಟಕ ನೋಡಿ ಅತ್ತವನು ಹಗುರಾಗಿ ಮನೆಗೆ ಹೋಗುತ್ತಾನೆ, ಚೆನ್ನಾಗಿ ನಿದ್ದೆ ಮಾಡುತ್ತಾನೆ, ಬೆಳಿಗ್ಗೆ ಮತ್ತೆ ಅದೇ ಯಂತ್ರದ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾನೆ. ನಿನ್ನ ಒಣ ಕಣ್ಣು ನನಗೆ ಒಂದು ಬಾವುಟದಂತೆ ಕಂಡಿತು. ಅಪ್ಪನಿಗೆ ಗಂಜಿ ಹಾಕುತ್ತಿದ್ದೆ, ಮಾತು ಹಾಕುತ್ತಿರಲಿಲ್ಲ.

ಈ ವರ್ಷ ಅಲ್ಲಿ ನಮ್ಮವರು ಒಂದು ನಾಟಕ ಆಡಿದರು. ಅಚ್ಚುಮೊಳೆ ಜೋಡಿಸುವ ಫೋತಿಸ್ ನಮ್ಮ ಪುರಾತನರ ದುರಂತ ನಾಟಕಗಳ ಮಾದರಿಯಲ್ಲಿ ಬರೆದದ್ದು. ಒಬ್ಬ ರಾಜ, ಶತ್ರುಗಳ ಭಯಕ್ಕೆ, ಕತ್ತಲಾದ ಮೇಲೆ ಯಾರ ಹಡಗನ್ನೂ ಬಂದರಿಗೆ ಬಿಡುವುದಿಲ್ಲ ಎಂದು ಆಣೆ ಮಾಡಿ ಬಂದರಿನ ಬಾಯಿಗೆ ಅಡ್ಡ ಸರಪಳಿ ಎಳೆಸುತ್ತಾನೆ. ಬಿರುಗಾಳಿಯಲ್ಲಿ ಸರಪಳಿಯ ಆಚೆ ನಿಂತು ಕೂಗುವ ಹಡಗಿನಲ್ಲಿ ಅವನ ಮಗಳಿರುತ್ತಾಳೆ. ಬೆಳಿಗ್ಗೆ ದಡಕ್ಕೆ ಬರುವುದು ಅವಳ ಬಟ್ಟೆ ಮಾತ್ರ. ಫೋತಿಸ್ ನಮಗೆ ಪಾಠ ಮಾಡಿದ: ಇಂಥ ನಾಯಕ ದುಷ್ಟನಾಗಿರಬಾರದು, ಸಂತನೂ ಆಗಿರಬಾರದು, ನಮ್ಮ ಹಾಗೇ ಇದ್ದು, ಒಂದು ತಪ್ಪು ಹೆಜ್ಜೆಯಿಂದ ಬೀಳಬೇಕು, ಆಗ ನೋಡುವವನಿಗೆ ಕನಿಕರವೂ ಭಯವೂ ಹುಟ್ಟಿ ಎದೆ ತೊಳೆದಂತಾಗುತ್ತದೆ. ನಾನು ಎದ್ದು ನಿಂತು, ಎದೆ ತೊಳೆಯುವುದು ಬೇಡ, ಎದೆಗೆ ಬೆಂಕಿ ಹಚ್ಚೋಣ ಎಂದೆ. ರಂಗದ ಮೇಲೆ ಸಾಲಾಗಿ ನಿಂತು ಹಾಡುವ ಮೇಳದ ಹೊಣೆ ನನ್ನದಾಗಿತ್ತು. ಕೊನೆಯಲ್ಲಿ ಹೆಂಗಸರು ಹಾಡಿ ಅಳುವ ಭಾಗವನ್ನು ಪೂರ್ತಿ ತೆಗೆಸಿ, ರಾಜರ ವಿರುದ್ಧ ಒಂದು ಭಾಷಣ ಸೇರಿಸಿದೆ.

"ಅಲ್ಲ ಅರ್ಗೀರೋ, ಸಾವಿನ ಮನೇಲಿ ಚಂದಾ ಎತ್ತೋಕೆ ಹೊರಟಂಗಿದೆ ನಿಂದು" ಎಂದ ಫೋತಿಸ್.

ಅಪ್ಪನನ್ನು ಬಲವಂತವಾಗಿ ಕರೆದೊಯ್ದು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ರಾಜನಲ್ಲಿ ತನ್ನ ಮುಖ ನೋಡಿಕೊಳ್ಳಲಿ, ಸುಡಲಿ ಎಂದೇ ಕರೆದೊಯ್ದಿದ್ದೆ, ಅಮ್ಮ. ಅವನು ನೋಡಿದ್ದು ಗಾಳಿಯನ್ನು. "ಈ ರಾಜನ್ಗೆ ಸಮುದ್ರ ಗೊತ್ತಿಲ್ಲ. ದಕ್ಷಿಣದ ಗಾಳಿ ಎದ್ದಾಗ ಯಾವನಾದ್ರೂ ಹಡಗನ್ನ ಹೊರಗೆ ನಿಲ್ಲಿಸ್ತಾನಾ?" ಎಂದು ಗಟ್ಟಿಯಾಗಿ ಕೇಳಿದ. ಪಕ್ಕದಲ್ಲಿದ್ದ ಗಿರಣಿಯ ಹೆಂಗಸು, "ಸುಮ್ನೆ ಕೂತ್ಕೊಳ್ಳಪ್ಪ ಕ್ಯಾಪ್ಟನ್ನು, ನಿನ್ನ ದೋಣಿ ಅಲ್ಲ ಅದು" ಎಂದಳು. ಎಲ್ಲರೂ ನಕ್ಕರು.

ಆಮೇಲೆ ಹಲಗೆಯ ಮೇಲೆ ಆ ಹುಡುಗಿಯ ಒದ್ದೆ ಬಟ್ಟೆ ತಂದಿಟ್ಟರು. ನಮ್ಮ ಮೇಳ ಸಾಲಾಗಿ ನಿಂತು ಭಾಷಣ ಶುರು ಮಾಡಿತು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಆ ಬಟ್ಟೆಯ ಮೇಲಿತ್ತು. ಸ್ಮಿರ್ನಾ ಪಟ್ಟಣ ಸುಟ್ಟಾಗ ನಿರಾಶ್ರಿತಳಾಗಿ ಬಂದ ದೆಸ್ಪಿನಾ ಅಜ್ಜಿ ಹಿಂದಿನ ಸಾಲಿನಿಂದ ಎದ್ದಳು.

"ಏನ್ರೇ, ಗೂಟದ ಹಾಗೆ ನಿಂತಿದ್ದೀರಲ್ಲ? ಆ ಮಗೂಗೆ ಅಳೋಕೆ ಯಾರೂ ಇಲ್ವಾ?"

ಮಾತಾಡುತ್ತಲೇ ರಂಗವನ್ನು ಹತ್ತಿದಳು. ಬಟ್ಟೆಯ ಸುಕ್ಕು ಬಿಡಿಸಿ, ಎರಡು ತೋಳುಗಳನ್ನೂ ಎದೆಯ ಮೇಲೆ ಮಡಿಸಿಟ್ಟಳು. ಪಕ್ಕದಲ್ಲಿ ಕೂತು ಹಾಡತೊಡಗಿದಳು. ರಾಜಕುಮಾರಿಯ ಹೆಸರಲ್ಲ, ಸ್ಮಿರ್ನಾದ ಬಂದರುಕಟ್ಟೆಯ ಮೇಲೆ ಕಳೆದುಹೋದ ತನ್ನ ಮಗನ ಹೆಸರು. ಇನ್ನೊಬ್ಬಳು ಹತ್ತಿದಳು, ತನ್ನ ಗಂಡನ ಹೆಸರು ಹೇಳಿದಳು. ನನ್ನ ಮೇಳದ ಹುಡುಗಿಯರು ಭಾಷಣ ಬಿಟ್ಟು ನೆಲಕ್ಕೆ ಕೂತರು. ನಾನೊಬ್ಬಳೇ ಇನ್ನೂ ಸಾಲುಗಳನ್ನು ಹೇಳುತ್ತ ನಿಂತಿದ್ದೆ.

ಆಗ ಅಪ್ಪ ಎದ್ದ. ಹಾಗೆ ಅಳುವ ಹೆಂಗಸರ ನಡುವೆ ನಮ್ಮ ಗಂಡಸರು ಕೂರುವುದಿಲ್ಲ ಎಂದು ನಿನಗೆ ಗೊತ್ತು. ಅವನು ಹೋಗಿ ಬಟ್ಟೆಯ ಕಾಲ ಬಳಿ ಕೂತು ಅಂಚನ್ನು ಹಿಡಿದುಕೊಂಡ. ಹಾಡಲು ಬರುವುದಿಲ್ಲವಲ್ಲ, ಮಾತಿನಲ್ಲೇ ಹೇಳಿದ.

"ಒಂದ್ಸಲ ಮುಳುಗಿ ಬಂದು, ಅಪ್ಪಾ, ಕೈ ಜೋಮು ಹಿಡಿದಿದೆ ಅಂದ ನನ್ನ ಪಂದೇಲಿಸ್. ಸೋಮಾರಿ, ಮತ್ತೆ ಇಳಿ ಅಂದೆ. ಎಲ್ಲರ ಎದುರಿಗೇ ಅಂದೆ. ಬೇರೆಯವರ ಮಕ್ಕಳನ್ನ ಇಳಿಸಿ ನನ್ನ ಮಗನ್ನ ನೆರಳಲ್ಲಿ ಕೂರಿಸ್ಲಾ? ಅವರ ಅಮ್ಮಂದಿರಿಗೆ ಏನು ಹೇಳ್ಲಿ? ಅದಕ್ಕೇ ಅಂದೆ."

ದೆಸ್ಪಿನಾ ಅಜ್ಜಿ ಅವನನ್ನು ಸಮಾಧಾನ ಮಾಡಲಿಲ್ಲ. "ಅಳು, ಮಗನೇ" ಎಂದಳು ಅಷ್ಟೇ. ಅವನು ಅತ್ತ. ರಾಜನ ಪಾತ್ರ ಹಾಕಿದ್ದ ಹಮಾಲಿ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ. ನನ್ನ ಭಾಷಣ ಎಲ್ಲಿ ನಿಂತಿತೋ ನನಗೆ ನೆನಪಿಲ್ಲ.

ಅಮ್ಮ, ಅದುವರೆಗೆ ನಾನು ಅವನನ್ನು ಕೊಲೆಗಾರ ಎಂದುಕೊಂಡಿದ್ದೆ. ದುರಾಸೆಯಿಂದ ಇಳಿಸಿದ ಎಂದುಕೊಂಡಿದ್ದೆ. ಅವನನ್ನು ಬೀಳಿಸಿದ್ದು ಅವನ ನ್ಯಾಯವೇ. ದುರಾಸೆಯ ಮನುಷ್ಯನಾಗಿದ್ದರೆ ಬೇರೆಯವರ ಮಕ್ಕಳನ್ನು ಇಳಿಸಿ ತನ್ನ ಮಗನನ್ನು ಉಳಿಸಿಕೊಳ್ಳುತ್ತಿದ್ದ.

ಮನೆಗೆ ನಡೆದು ಬರುವಾಗ ಹೇಳಿದ: "ದೋಣಿ ಮೇಲೆ ಹಸಿ ಸ್ಪಂಜನ್ನ ತುಳೀತೀವಲ್ಲ ಮಗಳೇ, ಒಳಗಿನ ಕರೀ ಹಾಲು ಹೋಗೋ ತನಕ, ನನ್ನ ಎದೆಗೂ ಹಂಗಾಯ್ತು." ಈಗ ಹಗುರಾಗಿ ಮಲಗುತ್ತಾನೆ ಎಂದುಕೊಂಡೆ. ಅವನು ಮಲಗಲಿಲ್ಲ. ಮರುದಿನ ಕಾರ್ಮಿಕರ ಮನೆಗೆ ತಾನೇ ಹೋಗಿ ಎಲ್ಲವನ್ನೂ ಹೇಳಿದ. ಈಸ್ಟರ್ ಮುಗಿದು ದೋಣಿಗಳು ಹೊರಡುವ ಮೊದಲು ಇದ್ರಾದ ಕ್ಯಾಪ್ಟನ್‌ಗಳ ಎದುರು ನಿಲ್ಲುತ್ತಾನಂತೆ: ಮುಳುಗಿ ಬಂದು ಕೈ ಜೋಮು ಎಂದವನನ್ನು ಮತ್ತೆ ಇಳಿಸಬಾರದು, ಇಳಿಸಿದ ನನ್ನನ್ನು ನೋಡಿ ಎನ್ನುತ್ತಾನಂತೆ. ಅವರು ನಗಬಹುದು, ಉಗಿಯಬಹುದು. ಹೋಗೇ ಹೋಗುತ್ತೇನೆ ಎನ್ನುತ್ತಾನೆ. ನನ್ನ ಕಿರುಹೊತ್ತಗೆ ಬರೆದವನು ಅಪ್ಪನಂಥವರನ್ನು ನೋಡಿರಲಿಲ್ಲ.

ನಿನ್ನ ಸಿಟ್ಟನ್ನು ಬಿಡು ಎಂದು ನಾನು ಕೇಳುವುದಿಲ್ಲ. ಅದು ನಿನ್ನದು, ನಿನಗೆ ಬೇಕಾದಷ್ಟು ಕಾಲ ಇಟ್ಟುಕೋ. ಅತ್ತರೆ ಕ್ಷಮಿಸಿದಂತೆ ಎಂದು ಯಾರು ಹೇಳಿದರು? ಅಪ್ಪ ಅತ್ತ, ತನ್ನನ್ನು ತಾನು ಕ್ಷಮಿಸಿಕೊಂಡಿಲ್ಲ. ನಾನು ಕೇಳುವುದು ಇಷ್ಟೇ. ಪಂದೇಲಿಸನ ನೀಲಿ ಅಂಗಿಯನ್ನು ಹಾಸಿಗೆಯ ಮೇಲೆ ಹರಡು. ಹೆಂಗಸರನ್ನು ಕರೆ. ಅಪ್ಪನನ್ನು ಕಾಲ ಬಳಿ ಕೂರಲು ಬಿಡು. ಆಮೇಲೆ ಬೇಕಾದರೆ ಹೊರಗೆ ಕಳಿಸು. ನನ್ನ ತಮ್ಮ ಇಷ್ಟು ದಿನ ಯಾರ ಬಾಯಲ್ಲೂ ಹೆಸರಿಲ್ಲದೆ ಬಿದ್ದಿದ್ದಾನಲ್ಲ, ಅದನ್ನು ನನ್ನಿಂದ ತಡೆಯಲಾಗುವುದಿಲ್ಲ.

ನಿನ್ನ ಹಟವನ್ನೇ ಹೊತ್ತು ಹುಟ್ಟಿದ,
ಅರ್ಗೀರೋ

ತಾ.ಕ.: ಇದನ್ನು ಅಂಚೆಯವನು ಕೊಟ್ಟ ಎಂದು ಚಿಕ್ಕಮ್ಮ ಹೇಳಿರುತ್ತಾಳೆ, ಸುಳ್ಳು. ಬೆಳಗಿನ ಹಡಗಿನಲ್ಲಿ ಅಪ್ಪ ತಂದು ಅವಳ ಕೈಗೆ ಕೊಟ್ಟಿದ್ದಾನೆ. ಅವನಿಗೆ ಓದು ಬಾರದು. ನಿನ್ನ ಹತ್ತಿರ ಒಣ ಅಂಜೂರ ಕೇಳಿ ಬರೆದಿದ್ದೇನೆ ಎಂದೆ, ನಂಬಿದವನಂತೆ ತಲೆಯಾಡಿಸಿದ. ಈಗ ನಮ್ಮೂರ ಬಂದರಿನ ಕಟ್ಟೆಯ ಮೇಲೆ ಕೂತಿದ್ದಾನೆ. ನೀನು ಹೇಳಿ ಕಳಿಸದಿದ್ದರೆ ಸಂಜೆಯ ಹಡಗಿಗೆ ಹಿಂದಿರುಗುತ್ತಾನೆ. ಕೋಟು ಬೇಡ ಎಂದು ಇಲ್ಲೇ ಬಿಟ್ಟು ಹೊರಟಿದ್ದಾನೆ, ಅಮ್ಮ. ಆ ಕಟ್ಟೆಯ ಮೇಲೆ ಗಾಳಿ ಹೇಗಿರುತ್ತದೆ ಎಂದು ನಿನಗೆ ಗೊತ್ತು.