ತಣ್ಣಗಿದ್ದ ಗೇರ್ ಗುಂಡು

ನನಗೆ ಕೆಲಸ ಕಲಿಸಿದ ಸಿದ್ಧಣ್ಣನವರಿಗೆ,

ಹೇಗಿದ್ದೀರಿ ಅಂತ ಬರೆಯಲು ಹೋಗಿ, ಯಾರನ್ನು ಕೇಳುತ್ತಿದ್ದೇನೆ ಅಂತ ನೆನಪಾಗಿ ನಿಂತೆ. ನೀವು ಹೋಗಿ ಎಂಟು ತಿಂಗಳಾಯಿತು. ಡೈರಿಯಲ್ಲಿ ದಿನಾ ಒಂದೆರಡು ಸಾಲು ಗೀಚುತ್ತೇನೆ. ಆದರೆ ಮೊನ್ನೆ ಭಾನುವಾರ ನಾನು ಮಾಡಿದ್ದನ್ನು ಡೈರಿಗೆ ಹೇಳಿದರೆ ಸಾಲದು. ನಿಮಗೇ ಹೇಳಬೇಕು. ಬೈಯುವುದಿದ್ದರೆ ಬೈದುಬಿಡಿ.

ಜಯನಗರದ ಮೈದಾನದಲ್ಲಿ ಹಳೇ ಕಾರುಗಳ ಸ್ಪರ್ಧೆ ನಡೆದಾಗಲೆಲ್ಲ ನಾವಿಬ್ಬರೂ ಶಾಮಿಯಾನದ ಹಿಂದೆ ನಿಲ್ಲುತ್ತಿದ್ದೆವಲ್ಲ? ನಿಮ್ಮ ಲೇತಿನಲ್ಲಿ ಹುಟ್ಟಿದ ಭಾಗವನ್ನೇ ಮುಟ್ಟಿ ತೀರ್ಪುಗಾರರು "ಪಕ್ಕಾ ಒರಿಜಿನಲ್" ಅನ್ನುತ್ತಿದ್ದರು. ನೀವು ಕಡಲೆಕಾಯಿ ಬಿಡಿಸುತ್ತಾ ನಗುತ್ತಿದ್ದಿರಿ. "ಹೋಗಿ ಹೇಳಬಾರದಾ ಅಣ್ಣ, ನಾನು ಮಾಡಿದ್ದು ಅಂತ?" ಎಂದು ನಾನು ಗೋಗರೆದರೆ, "ಗುರುತು ಸಿಕ್ಕಿದ್ರೆ ಕೆಲಸ ಸೋತಂಗೆ ಕಣೋ" ಅನ್ನುತ್ತಿದ್ದಿರಿ. ಗಿರಾಕಿಗೆ ಮಾತ್ರ ತಪ್ಪದೆ ಹೇಳುತ್ತಿದ್ದಿರಿ, ಇದು ಹೊಸದಾಗಿ ಮಾಡಿದ್ದು ಸಾರ್, ಯಾರಾದರೂ ಕೇಳಿದರೆ ಹೇಳಿಬಿಡಿ ಅಂತ. ಯಾರು ಹೇಳಿದರು?

ಈ ಸಲ ಅದೇ ಶಾಮಿಯಾನದ ಮುಂದೆ ನನಗೆ ಕುರ್ಚಿ ಹಾಕಿದ್ದರು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ! ಒಬ್ಬರು ನಿವೃತ್ತ ಪ್ರೊಫೆಸರ್. ಇನ್ನೊಬ್ಬರು ಜೆ.ಪಿ. ನಗರದ ಮೇಡಂ, ಮನೆಯಲ್ಲೇ ಆರು ಹಳೇ ಕಾರು ಸಾಕಿದವರು. ಕೈಕೆಲಸದವರೂ ಒಬ್ಬರಿರಲಿ ಅಂತ ನನ್ನನ್ನು ಕರೆದರಂತೆ. ಇಸ್ತ್ರಿ ಅಂಗಿ ಹಾಕಿಕೊಂಡು ಕೂತೆ. ಬೆವರು ಮಾತ್ರ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡು ಕಾರು ಉಳಿದವು. ಒಬ್ಬ ಬಿಲ್ಡರ್ ಸಾಹೇಬರ ಕೆಂಪು ಕಾರು, ಗೊಟ್ಟಿಗೆರೆಯ ಸರೋಜಮ್ಮನವರ ಬಿಳಿ ಕಾರು. ಸರೋಜಮ್ಮ ಅರವತ್ತು ದಾಟಿದವರು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಓಡಿಸಿಕೊಂಡು ಬಂದಿದ್ದರು. "ಕ್ಲಚ್ ತುಳಿಯೋಕೆ ಮಂಡಿ ಒಪ್ತಿಲ್ಲ ಸಾರ್. ಸ್ಪರ್ಧೆಗೆ ಮೊದಲನೇ ಸಲಾನೂ ಇದೇ, ಕೊನೇ ಸಲಾನೂ ಇದೇ. ಫಸ್ಟ್ ಬಂದು ಕಾರು ಮಾರ್ಬಿಡ್ತೀನಿ" ಎಂದರು. ಅವರ ಯಜಮಾನರು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು.

ಬಿಳಿ ಕಾರು ಅರ್ಧ ಅಂಕ ಮುಂದಿತ್ತು. ಪ್ರೊಫೆಸರ್ ಒಳಗೆ ಬಗ್ಗಿ, ಗೇರ್ ಕಡ್ಡಿಯ ತುದಿ ತೋರಿಸಿ, "ಈ ಗೇರ್ ಗುಂಡು ನೋಡ್ರಿ, ದಂತದ ಬಣ್ಣ! ಕಂಪನಿಯಿಂದ ಬಂದದ್ದು ಹಾಗೇ ಇದೆ. ಈಗ ಎಲ್ಲಿ ಹುಡುಕಿದರೂ ಸಿಗಲ್ಲ" ಎಂದರು. ಮೇಡಂ ತಲೆ ಆಡಿಸಿದರು. ನಾನೂ ನೋಡೋಣ ಅಂತ ಒಳಗೆ ಕೂತೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತ ಕಾರು, ಸ್ಟೀರಿಂಗ್ ಮುಟ್ಟಿದರೆ ಕೈ ಚುರ್ ಅಂದಿತು. ಗೇರ್ ಗುಂಡು ಮಾತ್ರ ಬೆಚ್ಚಗಾಗಿರಲೇ ಇಲ್ಲ, ಅಣ್ಣ.

ಹಾಲೆ ಮರ. ಮೇಲೆ ಅರಗು. ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಪಳಗಿದ ನಿಮ್ಮ ಕೈ. ಮಡಿವಾಳದ ಶೆಡ್ಡಿನಲ್ಲಿ ಮೂರು ಗುಂಡು ತಿರುಗಿಸಿ, ಬಣ್ಣ ಸರಿಬರಲಿಲ್ಲ ಅಂತ ಎಸೆದು, ನಾಲ್ಕನೆಯದಕ್ಕೆ ತಾಳೆಗರಿ ಉಜ್ಜಿ ಹೊಳಪು ತರಿಸಿದಿರಲ್ಲ, ಅದೇ. ಅಂಗೈಯಲ್ಲಿ ಹಿಡಿದಾಗ ನಿಮ್ಮ ಕೈ ಹಿಡಿದ ಹಾಗೇ...

ಏನು ಮಾಡಬೇಕಿತ್ತು ಹೇಳಿ? ಮೂಲದ್ದಲ್ಲದ ಭಾಗ ಒಂದಕ್ಕೆ ಒಂದು ಅಂಕ ಕಡಿಮೆ, ಅದು ನಿಯಮ. ಬಾಯಿ ಬಿಟ್ಟರೆ ಸರೋಜಮ್ಮ ಸೋಲುತ್ತಾರೆ, ನಿಮ್ಮ ಕೆಲಸವೂ ಸೋಲುತ್ತದೆ. ಸುಮ್ಮನಿದ್ದರೆ? ನೀವು ಗೆದ್ದಿರಿ ಅಂತ ನಾನೊಬ್ಬನೇ ಎಷ್ಟು ದಿನ ಬಚ್ಚಿಟ್ಟುಕೊಳ್ಳಲಿ? ಅದೂ ತೀರ್ಪುಗಾರನ ಕುರ್ಚಿಯಲ್ಲಿ ಕೂತು?

"ಸಾರ್, ಇದು ಮರ" ಅಂದುಬಿಟ್ಟೆ. ಮೇಡಂ, "ಚಾನ್ಸೇ ಇಲ್ಲ" ಎಂದರು. "ಮುಟ್ಟಿ ನೋಡಿ ಮೇಡಂ, ಬಿಸಿಲಿಗೆ ಕಾದಿಲ್ಲ." ಇಬ್ಬರೂ ಮಗುವಿಗೆ ಜ್ವರ ನೋಡುವ ಹಾಗೆ ಒಬ್ಬರಾದ ಮೇಲೊಬ್ಬರು ಕೈಯಿಟ್ಟರು. ಮಾಡಿದ್ದು ನನ್ನ ಗುರುಗಳು, ಮಡಿವಾಳದ ಸಿದ್ಧಣ್ಣ ಅಂತ ನಿಮ್ಮ ಹೆಸರನ್ನೂ ಹೇಳಿದೆ.

ಸರೋಜಮ್ಮ ಯಜಮಾನರ ಕಡೆ ತಿರುಗಿದರು. "ಏನ್ರೀ? ಮದ್ರಾಸಿಂದ ತರಿಸಿದ ಒರಿಜಿನಲ್ ಅಂದಿದ್ರಿ?"

"ಮಡಿವಾಳದ್ದು ಅಂದಿದ್ರೆ ನೀನು ಹಾಕಿಸ್ಕೊಳ್ತಿದ್ಯಾ?"

"ಇಷ್ಟು ವರ್ಷ ಮದ್ರಾಸು ಮದ್ರಾಸು ಅಂತ ಊರಿಗೆಲ್ಲ ಸಾರ್ಕೊಂಡು ಬಂದ್ನಲ್ರೀ!"

ಸುತ್ತ ನಿಂತವರೆಲ್ಲ ನಕ್ಕರು. ಯಜಮಾನರು ಕೊಡೆಯಲ್ಲೇ ಮುಖ ಮುಚ್ಚಿಕೊಂಡರು. ಸರೋಜಮ್ಮ ಮಾತ್ರ ನಗಲಿಲ್ಲ. ಸೆರಗು ಬಿಚ್ಚಿ ಹೊದ್ದುಕೊಂಡು ಸುಮ್ಮನೆ ಬಾನೆಟ್ ಒರೆಸತೊಡಗಿದರು. ಅದನ್ನು ನೋಡಿ ನನಗೆ, ಯಾಕಾದರೂ ಹೇಳಿದೆನೋ...

ಬಹುಮಾನ ಕೊಡುವಾಗ ಪ್ರೊಫೆಸರ್ ಮೈಕ್ ಹಿಡಿದರು. ಕೆಂಪು ಕಾರಿಗೆ ಮೊದಲನೆಯದು, ಬಿಳಿ ಕಾರಿಗೆ ಎರಡನೆಯದು. ಆಮೇಲೆ ಕನ್ನಡಕ ತೆಗೆದು, "ನಲವತ್ತು ವರ್ಷದಿಂದ ಕಾರು ನೋಡ್ತಿದ್ದೀನಿ. ಮಡಿವಾಳದ ಸಿದ್ಧಣ್ಣ ಅನ್ನೋ ಕುಶಲಕರ್ಮಿ ಮರದಲ್ಲಿ ಮಾಡಿದ್ದು ನನಗೆ ಗೊತ್ತಾಗಲಿಲ್ಲ. ತೀರ್ಪಿನ ಹಾಳೆಯಲ್ಲಿ ಅವರ ಹೆಸರು ಬರೆದಿದ್ದೇನೆ" ಎಂದರು. ಮೈದಾನವೆಲ್ಲ ಕೇಳುವ ಹಾಗೆ ನಿಮ್ಮ ಹೆಸರು, ಅಣ್ಣ. ಮೊದಲು ಚಪ್ಪಾಳೆ ಹೊಡೆದವರು ಸರೋಜಮ್ಮ.

ಹೊರಡುವಾಗ ಅವರು ನನ್ನ ಹತ್ತಿರ ಬಂದರು. "ನಿಮ್ಮ ಮೇಲೆ ಸಿಟ್ಟಿದೆ ನಂಗೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಗುಂಡು ಬಿಚ್ಚಿ ಮನೇಲೇ ಇಟ್ಕೊಳ್ತೀನಿ, ಕಾರು ಯಾರಾದ್ರೂ ತಗೊಳ್ಲಿ. ಅವರಿಗೆ ನನ್ನ ನಮಸ್ಕಾರ ಹೇಳಿ." ನೀವು ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಹೇಳ್ತೀನಮ್ಮ ಅಂದೆ. ಅದಕ್ಕೇ ಈ ಪತ್ರ. ಸರೋಜಮ್ಮನವರು ನಮಸ್ಕಾರ ಹೇಳಿದ್ದಾರೆ.

ಅಲ್ಲಿಂದ ಸೀದಾ ಹುಳಿಮಾವಿಗೆ ಹೋದೆ, ನಿಮ್ಮ ಮನೆಗೆ. ಅತ್ತಿಗೆ ಎಲ್ಲ ಕೇಳಿಸಿಕೊಂಡರು. ಸೆರಗಿನ ತುದಿ ಸುತ್ತುತ್ತಾ, "ಅಷ್ಟು ದೊಡ್ಡ ಕೆಲಸಗಾರರಾ ನಿಮ್ಮಣ್ಣ? ನಮ್ಮನೆ ಕುಕ್ಕರ್ ಹಿಡಿ ಆರು ವರ್ಷದಿಂದ ಅಲ್ಲಾಡ್ತಿದೆ. ಇವತ್ತು ನಾಳೆ ಅಂತಾನೇ ಹೋಗ್ಬಿಟ್ರು" ಎಂದು ನಕ್ಕರು. ನಗುತ್ತಲೇ ಒಳಗೆ ಎದ್ದು ಹೋದರು, ಬಹಳ ಹೊತ್ತು ಆಚೆ ಬರಲಿಲ್ಲ.

ಕುಕ್ಕರ್ ಹಿಡಿಯ ಅಳತೆ ತಗೊಂಡು ಬಂದಿದ್ದೇನೆ, ಅಣ್ಣ. ಹಾಲೆ ಮರವೂ ಸಿಕ್ಕಿದೆ. ಈ ಭಾನುವಾರ ಹಾಕಿಕೊಟ್ಟು ಬರುತ್ತೇನೆ.